ನೀರಿಗೆ ಕಿವಿಯಿಟ್ಟವನ ಸನ್ಮಾನ

ಸಂಘದ ಅಧ್ಯಕ್ಷರೇ, ದೂರದಿಂದ ಬಂದ ಅತಿಥಿಗಳೇ, ಕಡಲಜೀವಿಗಳ ವಿಷಯ ಓದಿಕೊಂಡಿರುವ ನಮ್ಮ ಮೇಡಂ ಅವರೇ, ದೋಣಿ ದಡಕ್ಕೆಳೆದು ಬಂದು ಕೂತಿರುವ ಸಭಿಕರೇ,

ನಾಲ್ಕನೇ ತರಗತಿಯನ್ನು ಎರಡು ಶಾಲೆಗಳಲ್ಲಿ ಅರ್ಧರ್ಧ ಓದಿದವನು ನಾನು. ಭಾಷಣ ಬರೆದು ತಂದಿದ್ದೇನೆ. ಹಾಳೆ ಹಿಂದುಮುಂದಾದೀತೆಂದು ಬೆಳಗಿನಿಂದ ಆರು ಸಲ ಜೋಡಿಸಿದ್ದೇನೆ. ಇರುವುದು ಎರಡೇ ಹಾಳೆ.

ದೋಣಿಯ ಹುಟ್ಟನ್ನು ನೀರಿಗಿಳಿಸಿ, ಹಿಡಿಗೆ ಕಿವಿ ಒತ್ತಿದರೆ, ತಳದಲ್ಲಿರುವ ಗೊರಕೆಮೀನಿನ ದನಿ ಮರದೊಳಗಿಂದ ಏರಿ ಬರುತ್ತದೆ. ಮೊಟ್ಟೆಯಿಡುವ ಮುಂಚೆ ಆ ದನಿ ಬದಲಾಗುತ್ತದೆ. ಹೆಣ್ಣು ಕೊಟ್ಟ ಮಾವ ನನಗೆ ಕೊಟ್ಟ ಆಸ್ತಿ ಇದೊಂದೇ. ನಾನು "ಬಲೆ ಎತ್ತಿ" ಅಂದ ಮೇಲೆ, ಮೀನು ಮೊಟ್ಟೆಯಿಟ್ಟು ಮುಗಿಸಲೆಂದು ಹದಿನೈದು ದಿನ ಯಾರೂ ಬಲೆ ಇಳಿಸುವುದಿಲ್ಲ. ಇಷ್ಟು ಮನೆಗಳ ಒಲೆ ಒಬ್ಬನ ಕಿವಿಯನ್ನು ನಂಬಿ ಉರಿಯುವುದೆಂದರೆ ಆ ಒಬ್ಬನಿಗೆ ಊಟ ಸೇರುತ್ತದೆಯೇ? ನೀವೇ ಹೇಳಿ.

ಈಗ ನನ್ನನ್ನು ಹೊಗಳಿದರಲ್ಲ, ಅದರಲ್ಲಿ ಅರ್ಧ ನನಗೆ ಕೇಳಿಸಲೇ ಇಲ್ಲ. ಮೂರು ವರ್ಷದಿಂದ ಕಿವಿ ಮಂದ. ಮನೆಯಾಕೆಗೆ ಮಾತ್ರ ಗೊತ್ತು. "ಪಕ್ಕದಲ್ಲಿ ನಿಂತು ಕೂಗಿದ್ರೆ ತಿರುಗಿ ನೋಡಲ್ಲ, ಹತ್ತಾಳು ಆಳದ ಮೀನು ಮಾತಾಡಿದ್ದು ಕೇಳಿಸ್ತಂತೆ ಮಹಾರಾಯನಿಗೆ" ಅನ್ನುತ್ತಾಳೆ. ಅವಳ ಈ ಮಾತೇನೋ ಚೆನ್ನಾಗಿಯೇ ಕೇಳಿಸುತ್ತದೆ.

ಮೀನಿನ ದನಿ ಕೇಳಿಸದೆ ಅಂದಾಜಿನ ಮೇಲೆಯೇ ದಿನ ಹೇಳುತ್ತಾ ಬಂದೆ. ಹೋದ ವರ್ಷ ತಡವಾಯಿತು. ಮೊಟ್ಟೆ ತುಂಬಿದ ಮೀನು ಬಲೆ ಬಲೆಯಾಗಿ ಬಂತು. ನೀವು ನೀರಿನ ಸೆಳೆತವನ್ನು ಬೈದಿರಿ. ನಿಮ್ಮ ಜೊತೆ ಸೇರಿ ನಾನೂ ಬೈದೆ. ತಪ್ಪು ನನ್ನದು.

ಈ ವರ್ಷ ಮೇಡಂ ನೀರಿಗೆ ಮೈಕು ಇಳಿಸಿದರು. ನನ್ನ ಬಂಡವಾಳ ಬಯಲಾಯಿತು ಅಂದುಕೊಂಡೆ. ಅವರು ನನ್ನ ಕಿವಿಗೂ ಹೆಡ್‌ಫೋನು ಹಾಕಿ ದನಿ ಏರಿಸಿದರು, ಇನ್ನೂ ಏರಿಸಿದರು. ಮೂರು ವರ್ಷದ ಮೇಲೆ ಮೀನು ಮಾತಾಡಿತು. ನಾನು ಮುಖ ಆ ಕಡೆ ತಿರುಗಿಸಿ ಕೂತೆ.

"ಶುರುವಾಯ್ತಲ್ಲ ಅಜ್ಜ, ನಾಳೆಯೇ ನಿಲ್ಲಿಸೋಣವಾ?" ಅಂದರು.

"ಇಲ್ಲಮ್ಮ, ಇದು ಬರೀ ಗಂಡುಗಳ ಜಂಬ. ಹೆಣ್ಣು ಬಂದಾಗ ಎಲ್ಲದರ ದನಿ ಒಂದಾಗುತ್ತೆ" ಅಂದೆ.

ಅವರು ಮೀನು ಸೀಳಿ ನೋಡಿದರು. ಮೊಟ್ಟೆ ಇನ್ನೂ ಎಳಸು. ನಿನ್ನೆ ದನಿ ಒಂದಾಯಿತು. ಸೀಳಿದರೆ ಮೊಟ್ಟೆಯೂ ಬಲಿತಿತ್ತು.

ಈ ಸನ್ಮಾನದ ಫಲಕ ವಾಪಸು ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ, ದಿನವನ್ನು ಮಾತ್ರ ನಂಬಿ. ನಾಳೆಯಿಂದ ಹದಿನೈದು ದಿನ ಬಲೆ ಒಣಗಲಿ. ಆಕ್ಷೇಪ ಇದ್ದವರು ಎದ್ದು ನಿಂತು ಗಟ್ಟಿಯಾಗಿ ಹೇಳಬೇಕು. ಕೂತಲ್ಲೇ ಗೊಣಗಿದರೆ ಒಪ್ಪಿದಿರಿ ಅಂತಲೇ ತಿಳಿಯುತ್ತೇನೆ.

ಇಷ್ಟು ಹೊತ್ತು ಸಹಿಸಿಕೊಂಡದ್ದಕ್ಕೆ ಧನ್ಯವಾದ. ನಮಸ್ಕಾರ.