ಕಾಫಿ ಚೆಲ್ಲದ ಬಂಪರ್

ಆ ದೀಪ ಒಂಚೂರು ಸಣ್ಣ ಮಾಡಿ. ಹಾಂ… ಸಾಕು. ಇದು ಅವರಿವರು ಹೇಳಿದ್ದಲ್ಲ, ನಮ್ಮ ಪಕ್ಕದ ಮನೆ ಮಾರ್ಲಿಸ್‌ಗೆ ಆದದ್ದು. ಪಕ್ಕ ಅಂದ್ರೆ ಅರ್ಧ ಮೈಲಿ. ವಿಸ್ಕಾನ್ಸಿನ್‌ನ ನಮ್ಮ ಮೂಲೆಯಲ್ಲಿ ಅದಕ್ಕೇ ಪಕ್ಕದ ಮನೆ ಅಂತೀವಿ.

ನವೆಂಬರ್ ತಿಂಗಳು. ಗಂಡು ಜಿಂಕೆಗಳಿಗೆ ಮದ ಏರಿ, ಹೆಣ್ಣುಗಳನ್ನ ಅಟ್ಟಿಸ್ಕೊಂಡು ರಸ್ತೆಗೆ ನುಗ್ಗೋ ಕಾಲ. ಮಾರ್ಲಿಸ್ ಚೀಸ್ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಮನೆಗೆ ಹೊರಟಿದ್ದಳು. ಧಡ್! ಅಷ್ಟೇ. ಒಂದು ಹೆಣ್ಣು ಜಿಂಕೆ ಕಾರಿನ ಮೂತಿಗೆ ಬಂದು ಬಡೀತು. ರೇಡಿಯೇಟರ್ ಒಡೆದು ಸುಯ್ಯ್… ಅಂತ ಹಬೆ. ಕಾರು ಅಲ್ಲೇ ಕೆಟ್ಟು ನಿಂತಿತು. ಜಿಂಕೆ ಎದ್ದು ಕುಂಟುತ್ತಾ ಕಾಡು ಸೇರಿತು. ಫೋನಿಗೆ ಸಿಗ್ನಲ್ಲಿಲ್ಲ, ಮನೆ ಇನ್ನೂ ಎರಡು ಮೈಲಿ. ಇವಳು ಕೋಟಿನ ಗುಂಡಿ ಹಾಕ್ಕೊಂಡು ನಡೆದಳು.

ದಾರಿಯಲ್ಲಿ ಮುಚ್ಚಿಹೋದ ಒಂದು ಹಳೇ ಸ್ಕೂಲು. ಅದರ ಮುಂದೆ ತಿರುವು. ತಿರುವಿನಲ್ಲಿ ಬಾವಿ, ಬಾವಿಗೆ ಸಿಮೆಂಟ್ ಕಟ್ಟೆ, ಕಟ್ಟೆ ಮೇಲೆ ತುಕ್ಕು ಹಿಡಿದ ಕೈಪಂಪು. ಮೂರು ವರ್ಷದ ಹಿಂದೆ ಅವಳ ಗಂಡ ವರ್ಲಿನ್ ಹೆಣವಾಗಿ ಸಿಕ್ಕಿದ್ದು ಆ ಕಟ್ಟೆ ಪಕ್ಕದಲ್ಲೇ. ಸೊಂಟ ಮುರಿದಿತ್ತು, ಮೈ ಚಳಿಗೆ ಸೆಟೆದುಹೋಗಿತ್ತು.

ಮಾರ್ಲಿಸ್ ಆ ಕಡೆ ನೋಡದೆ ದಾಪುಗಾಲು ಹಾಕಿದಳು. ಹಿಂದಿನಿಂದ… ಗರಕ್… ಗರಕ್… ಜಲ್ಲಿ ಮೇಲೆ ಬೂಟಿನ ಸದ್ದು. ಇವಳು ನಿಂತರೆ ಅದೂ ನಿಂತಿತು. ಆಮೇಲೆ ಒಂದೇ ಒಂದು ಸದ್ದು.

ಟಿಣ್…

ಹೆಬ್ಬೆರಳ ಉಗುರಿನಿಂದ ನಾಣ್ಯ ಚಿಮ್ಮಿಸಿದ ಸದ್ದು. ಅದು ಯಾರ ಉಗುರು ಅಂತ ಅವಳಿಗೆ ತಿರುಗಿ ನೋಡದೇ ಗೊತ್ತಾಯ್ತು. ಮನೆ ಬಾಗಿಲವರೆಗೂ ಓಡಿದಳು.

ವರ್ಲಿನ್ ಕುಡುಕ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಕುಡಿದು ಗಾಡಿ ಓಡಿಸಿ ಲೈಸೆನ್ಸೂ ಕಳಕೊಂಡಿದ್ದ. ಆಮೇಲೆ ಬಿಟ್ಟ. ಪ್ರತಿ ಶುಕ್ರವಾರ ರಾತ್ರಿ ಚರ್ಚಿನ ನೆಲಮಾಳಿಗೆಯಲ್ಲಿ ಕುಡಿತ ಬಿಡೋರು ಸೇರ್ತಾರೆ. ತಿಂಗಳು ತಡೆದವನಿಗೆ ಒಂದು ಬಿಲ್ಲೆ, ಆರು ತಿಂಗಳಿಗೆ ಇನ್ನೊಂದು, ವರ್ಷ ತುಂಬಿದವನಿಗೆ ಕಂಚಿನ ನಾಣ್ಯ. ವರ್ಲಿನ್ ಆ ಬಿಲ್ಲೆಗಳನ್ನ ಕೂತಲ್ಲಿ ನಿಂತಲ್ಲಿ ಚಿಮ್ಮಿಸ್ತಿದ್ದ. "ಬಿಡೋ ಮಾರಾಯ, ತಲೆ ಚಿಟ್ಟು ಹಿಡೀತು," ಅಂತ ಇವಳು ಬೈತಿದ್ದಳು.

ಅವನು ಸತ್ತ ದಿನ ಶುಕ್ರವಾರ, ಮಾರನೇ ದಿನ ಜಿಂಕೆ ಬೇಟೆ ಶುರು. ವರ್ಲಿನ್‌ಗೆ ವರ್ಷದ ನಾಣ್ಯ ಸಿಗೋ ದಿನವೂ ಅದೇ. ಕಂದು ಕೋಟು ಹಾಕ್ಕೊಂಡು ನಡಕೊಂಡೇ ಹೋದ. ಜಿಂಕೆ ಅಂದ್ಕೊಂಡು ಯಾರೂ ಗುಂಡು ಹೊಡೀಬಾರದು ಅಂತ ಬೇಟೆಗಾರರೆಲ್ಲ ಹಾಕೋ ಕಿತ್ತಳೆ ಅಂಗಿ ಮನೆಯಲ್ಲೇ ಇತ್ತು, ಅದರ ಕೆಲಸ ನಾಳೆಯಿಂದ ಅಲ್ವಾ. ಹತ್ತಾಯ್ತು, ಹನ್ನೊಂದಾಯ್ತು, ಬರಲಿಲ್ಲ. "ಹೋದ… ಇವತ್ತು ಮತ್ತೆ ಕುಡಿಯೋಕೆ ಹೋದ," ಅಂದ್ಕೊಂಡಳು ಮಾರ್ಲಿಸ್. ಸಿಟ್ಟಿಗೆ ಬಾಗಿಲು ಚಿಲಕ ಹಾಕಿ ಮಲಗಿಬಿಟ್ಟಳು. ಒಬ್ಬರಿಗೆ ಫೋನ್ ಮಾಡಿ ಹುಡುಕಿ ಅನ್ನಲಿಲ್ಲ.

ಬೆಳಿಗ್ಗೆ ಬೇಟೆಗೆ ಹೊರಟವರು ನೋಡಿದ್ರು. ಜೇಬಿನಲ್ಲಿ ನಾಣ್ಯ ಇರಲಿಲ್ಲ. ನಾಣ್ಯ ಇಲ್ಲ ಅಂದ್ಮೇಲೆ ಚರ್ಚಿನ ಮೀಟಿಂಗಿಗೆ ಎಲ್ಲಿ ಹೋಗಿದ್ದ? ಎಲ್ಲೋ ಕುಡಿದಿದ್ದಾನೆ, ಕಟ್ಟೆ ಮೇಲೆ ಬಿದ್ದು ಸೊಂಟ ಮುರ್ಕೊಂಡಿದ್ದಾನೆ, ಚಳಿಗೆ ಸತ್ತಿದ್ದಾನೆ… ಊರು ತೀರ್ಪು ಕೊಟ್ಟೇಬಿಟ್ಟಿತು. ಹೆಣ ಕೊಯ್ದು ನೋಡೋದೇನಿದೆ ಅಂತ ಪೊಲೀಸರೂ ಹಾಗೇ ಬರ್ಕೊಂಡರು. ನೆಲಮಾಳಿಗೆಯಲ್ಲಿ ಇದ್ದವರು? ಅಲ್ಲಿಗೆ ಯಾರು ಬಂದರು, ಏನಂದರು ಅಂತ ಹೊರಗೆ ಉಸಿರೆತ್ತಬಾರದು, ಅದು ಅಲ್ಲಿನ ಕಟ್ಟಳೆ. ಹಾಗಾಗಿ ಒಬ್ಬರೂ ಬಾಯಿ ಬಿಡಲಿಲ್ಲ. ವರ್ಲಿನ್ ಅಣ್ಣ ಡೆಲ್ಮರ್ ಮಣ್ಣು ಹಾಕುವಾಗ ಎಲ್ಲರಿಗೂ ಕೇಳೋ ಹಾಗೆ, "ಕೊನೆಗೂ ಬಾಟ್ಲಿನೇ ಗೆದ್ದಿತು," ಅಂದ. ಮಾರ್ಲಿಸ್ ಅವತ್ತಿನಿಂದ ಅವನ ಹೊಸ್ತಿಲು ತುಳಿಯಲಿಲ್ಲ. ಆದ್ರೆ ಅವನ ಮಾತು ನಿಜ ಇರಬಹುದು ಅಂತ ಅವಳ ಒಳಗೊಳಗೇ ಒಂದು ಅನುಮಾನ ಇತ್ತಲ್ಲ… ಅವಳನ್ನ ಮೂರು ವರ್ಷ ತಿಂದಿದ್ದು ಅದು.

ಕಾರು ಹೋಯ್ತಲ್ಲ, ಒಂದು ಹಳೇ ಪಿಕಪ್ ತಗೊಂಡಳು. ಪಾಳಿ ತಪ್ಪಿಸೋ ಹಾಗಿಲ್ಲ, ದಿನಾ ಅದೇ ರಸ್ತೆ, ಅದೇ ಜಿಂಕೆ. ಮುಂದೆ ಗಟ್ಟಿ ಬಂಪರ್ ಬೇಕು. ನಮ್ಮ ಸೀಮೆಯಲ್ಲಿ ಜಿಂಕೆ ತಡೆಯೋ ಬಂಪರ್ ಮಾಡೋನು ಒಬ್ಬನೇ. ಆ ಡೆಲ್ಮರ್ರೇ. ಬೇರೆ ದಾರಿ ಇಲ್ಲದೆ ಅವನ ಶೆಡ್ಡಿಗೆ ಹೋದಳು.

"ಓಹೋ! ಸೂರ್ಯ ಇವತ್ತು ಯಾವ ದಿಕ್ಕಲ್ಲಿ ಹುಟ್ಟಿದ?" ಅಂದ ಡೆಲ್ಮರ್.

"ಬಂಪರ್ ಬೇಕು. ಮಾತು ಬೇಡ."

"ಸರಿಯಮ್ಮ. ಇಗೋ, ಪಳಪಳ ಪೈಪಿನ ಗಾರ್ಡು. ಇರೋ ಬಂಪರಿಗೇ ನಾಲ್ಕು ಬೋಲ್ಟ್ ಹಾಕಿದ್ರೆ ಆಯ್ತು."

"ಜಿಂಕೆ ಬಡಿದ್ರೆ?"

"ಮಡಚ್ಕೊಂಡು ನಿನ್ನ ರೇಡಿಯೇಟರಿಗೇ ಚುಚ್ಚುತ್ತೆ. ಭಾನುವಾರ ಚರ್ಚಿಗೆ ಮಾತ್ರ ಹೋಗೋರಿಗೆ ಸರಿ."

"ಇದು?"

"ಅಲ್ಯೂಮಿನಿಯಂ. ಹಗುರ, ತುಕ್ಕು ಹಿಡಿಯಲ್ಲ. ಒಂದು ಜಿಂಕೆ ತಡೆಯುತ್ತೆ. ಎರಡನೇದು ಬಂದ್ರೆ ದೇವರೇ ಗತಿ."

ಗೋಡೆ ಮೇಲೆ ಸರಪಳಿಯಲ್ಲಿ ಒಂದು ನೇತಾಡ್ತಿತ್ತು. ಕಾಲಿಂಚು ದಪ್ಪದ ಉಕ್ಕು. ಇದ್ದ ಬಂಪರ್ ಕಿತ್ತು ಹಾಕಿ ನೇರ ಗಾಡಿಯ ಅಡಿಚೌಕಟ್ಟಿಗೇ, ಚಾಸಿಗೇ ಬಿಗಿಯೋದು. ದೀಪಗಳ ಮುಂದೆ ಅಡ್ಡಕ್ಕೆ ತೋಳು ಗಾತ್ರದ ಪೈಪು, ಎರಡೂ ತುದಿಗೆ ಉಕ್ಕಿನ ಮುಚ್ಚಳ ಇಟ್ಟು ವೆಲ್ಡ್ ಮಾಡಿ ಮುಚ್ಚಿದ್ದ.

"ಅದು ಕೊಡು."

"ಅದು ಮಾರೋದಲ್ಲ. ನನ್ನ ಹಳೇ ಗಾಡೀದು, ಬಂದೋರಿಗೆ ತೋರಿಸೋಕೆ ಇಟ್ಟಿದ್ದೀನಿ," ಅಂದ. ಆಮೇಲೆ ಗಿಣಿಪಾಠ ಶುರುವಾಯ್ತು. ಬಂದ ಗಿರಾಕಿಗೆಲ್ಲ ಒಪ್ಪಿಸೋ ಪಾಠ, ನಾಲಗೆ ತಾನಾಗೇ ಓಡ್ತು. "ಮೂರು ವರ್ಷದ ಹಿಂದೆ, ಸ್ಕೂಲಿನ ತಿರುವಿನಲ್ಲಿ, ಇಷ್ಟೆತ್ತರದ ಗಂಡು ಜಿಂಕೆ! ಸ್ಟೀರಿಂಗ್ ಕದಲಿಸಿಲ್ಲ ನಾನು. ಜಿಂಕೆ ಅಡ್ಡ ಬಂದ್ರೆ ತಿರುಗಿಸಬಾರದು, ನೇರ ಹೋಗ್ಬೇಕು, ಅಪ್ಪ ಕಲಿಸಿದ್ದು. ಡಬ್ ಅಂತು ಅಷ್ಟೇ. ಕಪ್ಪಿನಲ್ಲಿದ್ದ ಕಾಫಿ ಚೆಲ್ಲಿಲ್ಲ! ಗಾಡಿಯಿಂದ ಇಳಿಯೋ ಗೋಜೂ ಇಲ್ಲ. ಬೆಳಿಗ್ಗೆ ನೋಡಿದ್ರೆ ಒಂದು ಗೀರಿಲ್ಲ."

ಊರಿಗೆಲ್ಲ ಗೊತ್ತಿದ್ದ ಕತೆ. ಅವಳೊಬ್ಬಳೇ ಕೇಳಿರಲಿಲ್ಲ. ಕೇಳಿದಾಗಲೂ ಅವಳಿಗೆ ಹೊಳೆದದ್ದು ಒಂದೇ, ಆ ತಿರುವಿನ ಹೆಸರನ್ನ ನನ್ನ ಮುಂದೆ ಎತ್ತೋಕೆ ಇವನಿಗೆ ನಾಚಿಕೆ ಆಗಲ್ವಾ ಅಂತ.

"ವರ್ಲಿನ್ ಬಂದೂಕಿನ ಮೇಲೆ ನಿನಗೆ ಮೊದಲಿಂದ ಕಣ್ಣಿತ್ತಲ್ಲ. ಗಾಡೀಲಿದೆ, ತಗೋ. ಇದನ್ನ ಇಳಿಸು," ಅಂದಳು.

ಡೆಲ್ಮರ್ ಉಗುಳು ನುಂಗಿದ. ಬಂದೂಕು ಒಳ್ಳೇದು. ಸರಪಳಿಯಲ್ಲೇ ಅದನ್ನ ಜೋರಾಗಿ ಅಲ್ಲಾಡಿಸಿ ತೋರಿಸಿ ಕೆಳಗಿಳಿಸಿದ. ಪೈಪಿನೊಳಗೆ ಚೂರೂ ಸದ್ದಿಲ್ಲ. ಸಂಜೆಯೊಳಗೆ ಬಂಪರ್ ಅವಳ ಗಾಡಿಗೆ ಕೂತಿತು. ಭಾರಕ್ಕೆ ಗಾಡಿಯ ಮೂತಿ ಎರಡು ಬೆರಳು ಕುಸೀತು.

ಬುಧವಾರ ರಾತ್ರಿ. ಏನೂ ಇಲ್ಲ, ಏನೂ ಇಲ್ಲ… ಸ್ಕೂಲಿನ ತಿರುವು ಬಂತು. ಮುಂದಿನ ಪೈಪಿನೊಳಗೆ… ಟಿಣ್.

ಬೋಲ್ಟ್ ಸಡಿಲ ಆಗಿರಬೇಕು ಅಂದ್ಕೊಂಡಳು. ಮನೇಲಿ ಟಾರ್ಚ್ ಹಿಡಿದು ನೋಡಿದಳು, ಎಲ್ಲಾ ಬಿಗಿ. ಸುತ್ತಿಗೆ ತಗೊಂಡು ಪೈಪಿಗೆ ಕುಟ್ಟಿದಳು. ಡಂ, ಡಂ. ಅಷ್ಟೇ.

ಗುರುವಾರ ರಾತ್ರಿ. ಅದೇ ತಿರುವು. ಟಿಣ್… ಟಿಣ್…

ಶುಕ್ರವಾರ. ಮಾರನೇ ದಿನ ಬೇಟೆ ಶುರು. ಲೆಕ್ಕಕ್ಕೆ ವರ್ಲಿನ್ ಸತ್ತ ಅದೇ ರಾತ್ರಿ. ತಿರುವಿಗೆ ಬರೋಷ್ಟರಲ್ಲಿ ರಸ್ತೆ ಅಂಚಿನಲ್ಲಿ ಐದಾರು ಜಿಂಕೆ ಸಾಲಾಗಿ ನಿಂತಿದ್ವು. ಒಂದೂ ಕದಲಲಿಲ್ಲ. ಕಣ್ಣೆಲ್ಲ ಬಾವಿ ಕಡೆಗೆ. ಮಾರ್ಲಿಸ್ ಬ್ರೇಕ್ ಒತ್ತಿದಳು. ಇಂಜಿನ್ ತಾನೇ ಆಫ್ ಆಯ್ತು. ಲೋಹ ತಣ್ಣಗಾಗೋ ಸದ್ದು… ಟಿಕ್… ಟಿಕ್… ಅದೂ ನಿಂತಿತು.

ಗರಕ್… ಗರಕ್… ಬೂಟಿನ ಸದ್ದು ಮುಂದಿನಿಂದ ಬಂತು, ಬಂಪರ್ ದಾಟಿತು, ಅವಳ ಕಿಟಕಿ ಪಕ್ಕ ನಿಂತಿತು. ಕಣ್ಣಿಗೆ ಏನೂ ಇಲ್ಲ. ಗಾಜಿನ ಮೇಲೆ ಹೊರಗಿನಿಂದ ಉಸಿರಿನ ಮಂಜು ಕಟ್ಟಿತು. ಬಾಗಿಲ ಹಿಡಿ… ಟಕ್. ಒಳಗಿಂದ ಲಾಕ್ ಇತ್ತು. ಮತ್ತೆ… ಟಕ್.

"ಮಾರ್ಲೀ…"

ಅವಳನ್ನ ಹಾಗೆ ಕರೀತಿದ್ದವನು ಒಬ್ಬನೇ.

"ಕುಡಿದಿಲ್ಲ ಕಣೇ… ಬಾಗಿಲು ತೆಗಿ."

ಅಯ್ಯೋ, ಆ ಮಾತು! ಮೂರು ವರ್ಷದ ಹಿಂದೆ ಹಾಕಿದ ಚಿಲಕ ಅವಳ ಎದೆಗೇ ಬಂದು ಬಡೀತು. ಲಾಕ್ ತೆಗೆದಳು, ಬಾಗಿಲು ನೂಕಿದಳು. ಯಾರೂ ಇಲ್ಲ. ಕೊರೆಯೋ ಚಳಿ ಒಳಗೆ ಬಂತು, ಬಂದು ಪಕ್ಕದ ಸೀಟಿನಲ್ಲಿ ಕೂತಿತು. ಅವಳಿಗೆ ಆ ಭಾರ ಗೊತ್ತಾಯ್ತು. ಮುಂದೆ ಪೈಪಿನಲ್ಲಿ… ಟಿಣ್.

ಕೀಲಿ ತಿರುಗಿಸಿದ್ರೆ ಇಂಜಿನ್ ಹತ್ತಿತು. ಮಾರ್ಲಿಸ್ ಮನೆಗೆ ಹೋಗಲಿಲ್ಲ. ನೇರ ಡೆಲ್ಮರ್ ಮನೆ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಒತ್ತಿ ಹಿಡಿದಳು.

"ಏನೇ ಇದು, ಹುಚ್ಚು ಹಿಡೀತಾ? ಬೆಳಿಗ್ಗೆ ನಾಲ್ಕಕ್ಕೆ ಬೇಟೆಗೆ ಏಳ್ಬೇಕು ನಾನು!"

"ಈ ಪೈಪು ಕೊಯ್ಯಿ."

"ಏನಂದೆ?"

"ಕೊಯ್ಯಿ ಅಂದೆ. ಈಗಲೇ."

ಅವಳ ಮುಖ ನೋಡಿದವನೇ ಶೆಡ್ಡಿಗೆ ಹೋದ. ಕಬ್ಬಿಣ ಕೊಯ್ಯೋ ಗ್ರೈಂಡರ್ ತಂದ. ಜ್ರೀಂ… ಅಂತ ಕಿಡಿ ಹಾರ್ತಿರುವಾಗ ಇವಳು ಮೆಲ್ಲಗೆ ಕೇಳಿದಳು.

"ನೀನು ಆ ಜಿಂಕೆಗೆ ಗುದ್ದಿದ್ದು ಯಾವ ರಾತ್ರಿ?"

ಗ್ರೈಂಡರ್ ನಿಂತಿತು.

"ಡೆಲ್ಮರ್. ಯಾವ ರಾತ್ರಿ?"

"ಬೇಟೆ… ಬೇಟೆ ಹಿಂದಿನ ರಾತ್ರಿ."

"ನಿಜವಾಗ್ಲೂ ನೋಡಿದ್ಯಾ ಜಿಂಕೇನ?"

"ಕಂದು ಬಣ್ಣ ಇತ್ತು ಮಾರ್ಲಿಸ್… ರಸ್ತೆ ಅಂಚಲ್ಲಿ ಬಗ್ಗಿತ್ತು. ಏನೋ ಹುಡುಕೋ ಹಾಗೆ ಬಗ್ಗಿತ್ತು. ಬಂಪರಿನ ಅಂಚು ತಾಗಿತು ಅಷ್ಟೇ…"

"ಇಳಿದು ನೋಡಿದ್ಯಾ?"

"ಇಲ್ಲ."

"ಯಾಕೆ?"

ಡೆಲ್ಮರ್ ಗ್ರೈಂಡರ್ ಕೆಳಗಿಟ್ಟ. "ಕಾಫಿ ಕೂಡ ಚೆಲ್ಲಿರಲಿಲ್ಲ," ಅಂದ. ಅಂದವನೇ ತನ್ನ ಮಾತು ತಾನೇ ಕೇಳಿಸ್ಕೊಂಡ ಹಾಗೆ ಅಲ್ಲೇ ಕುಸಿದು ಕೂತ.

ಉಳಿದದ್ದನ್ನ ಅವಳೇ ಕೊಯ್ದಳು. ಪೈಪು ನಡುವೆ ಎರಡು ತುಂಡಾಯ್ತು. ಅದರೊಳಗಿಂದ ಕಂಚಿನ ನಾಣ್ಯ ಉರುಳಿ, ಸಿಮೆಂಟಿನ ಮೇಲೆ ಗಿರ್ರ್ ಅಂತ ಸುತ್ತಿ, ಡೆಲ್ಮರ್ ಕಾಲ ಹತ್ತಿರ ಮಲಗಿತು. ಮಧ್ಯೆ ಒಂದು ಅಂತ ಕೆತ್ತಿದೆ. ಒಂದು ವರ್ಷ.

ಮಾರ್ಲಿಸ್ ಅದನ್ನ ಎತ್ತಿ ಕೋಟಿನಿಂದ ಒರೆಸಿದಳು. ಅವನಿಗೆ ಬೈಯಲಿಲ್ಲ, ಹೊಡೆಯಲಿಲ್ಲ. "ಬಾಟ್ಲಿ ಗೆದ್ದಿತು ಅಂದ್ಯಲ್ಲ ಡೆಲ್ಮರ್," ಅಂದಳು. "ನೀನಂದೆ. ನಾನು ನಂಬಿದೆ." ಆಮೇಲೆ ಅಲ್ಲೇ ಅಳೋಕೆ ಶುರು ಮಾಡಿದಳು. ಮೂರು ವರ್ಷದಲ್ಲಿ ಅವಳು ಅತ್ತಿದ್ದು ಅದೇ ಮೊದಲು.

ಡೆಲ್ಮರ್ ತಾನಾಗೇ ಹೋಗಿ ಪೊಲೀಸರಿಗೆ ಹೇಳಿದ. ಪೈಪಿನೊಳಗೆ ನಾಣ್ಯ ಅಂದ್ರೆ ಯಾರು ಬರ್ಕೋತಾರೆ? ನಿದ್ದೆ ಮಾಡು ಹೋಗು ಅಂದ್ರಂತೆ. ಶೆಡ್ಡಿಗೆ ಬೀಗ ಬಿತ್ತು. ಈಗ ಅವನು ಎಲ್ಲಿಗೆ ಹೋದ್ರೂ ನಡಕೊಂಡೇ ಹೋಗೋದು. ಊರಿನವರು ಶುಕ್ರವಾರದ ಮೀನೂಟಕ್ಕೆ ಕೂತಾಗ, "ಪಾಪ, ವರ್ಲಿನ್ ಚಿನ್ನದಂಥವನು," ಅಂತಾರೆ. ಥೂ! ಇದೇ ಬಾಯಿಗಳು.

ಅದು ಅವನದೇ ನಾಣ್ಯ ಅಂತ ಏನು ಗ್ಯಾರಂಟಿ, ಎಲ್ಲಾ ಒಂದೇ ಥರ ಇರುತ್ತಲ್ಲ ಅಂತೀರಾ? ಅದರ ಅಂಚಿನಲ್ಲಿ ಒಂದು ಕಚ್ಚು ಇದೆ. ಮಾರ್ಲಿಸ್‌ಗೂ ಗೊತ್ತಿರಲಿಲ್ಲ ಅದು. ಆವತ್ತು ನೆಲಮಾಳಿಗೆಯಲ್ಲಿ ಕೊಡುವಾಗ ಕೊಟ್ಟವನ ಕೈ ನಡುಗಿ, ನೆಲಕ್ಕೆ ಬಿದ್ದು ಆದ ಕಚ್ಚು. ವರ್ಲಿನ್ ನಕ್ಕು, "ಪರವಾಗಿಲ್ಲ ಬಿಡಣ್ಣ, ಗುರುತಿಗಾಯ್ತು," ಅಂದಿದ್ದ. ಆ ಕೈ ನಂದು. ಕಟ್ಟಳೆ, ಕಟ್ಟಳೆ ಅಂತ ಮೂರು ವರ್ಷ ಬಾಯಿ ಮುಚ್ಕೊಂಡಿದ್ದವನು ನಾನು. ಕಟ್ಟಳೆ ಒಂದು ನೆಪ. ನಾನೂ ಕುಡುಕ ಅಂತ ಊರಿಗೆ ಗೊತ್ತಾಗೋದು ನನಗೆ ಬೇಡವಾಗಿತ್ತು, ಅಷ್ಟೇ.

ಸುಳ್ಳು ಅನ್ನಿಸಿದ್ರೆ ಬೆಳಿಗ್ಗೆ ಬನ್ನಿ. ಪೈಪಿನ ಎರಡೂ ತುಂಡು ನನ್ನ ಕೊಟ್ಟಿಗೆಯಲ್ಲಿವೆ. ನಡುವೆ ಕೊಯ್ದಿರೋದು ಒಂದೇ ಕಡೆ. ಎರಡೂ ತುದಿಯ ವೆಲ್ಡಿಂಗ್ ಡೆಲ್ಮರ್ ಮೊದಲ ದಿನ ಮಾಡಿದ್ದು ಹಾಗೇ ಇದೆ, ಸೂಜಿ ತೂರೋ ಸಂದಿಲ್ಲ.