ಮಹೇಂದ್ರ ಕಟ್ಟಿದ ಎಲ್ಇಡಿ ದೀಪ

ಒಸಿ ಹತ್ರ ಬಂದು ಕೂತ್ಕೊಳ್ಳಿ. ಇದನ್ನ ಜೋರಾಗಿ ಹೇಳಕ್ಕಾಗಲ್ಲ.

ನಮ್ಮ ದೊಡ್ಡಮ್ಮನ ಮಗಳು ಸುಚಿತ್ರಾಗೆ ಆಗಿದ್ದು. ಎರಡು ಸಾವಿರದ ಎಂಟನೇ ಇಸವಿ, ಮುಂಗಾರಿನ ಮೊದಲ ಮಳೆ ಬೀಳ್ತಿದ್ದ ಹೊತ್ತು. ಅವಳಾಗ ರಾಮನಗರದಲ್ಲಿ ಹೊಸದಾಗಿ ಎದ್ದಿದ್ದ ಒಂದು ಗಾರ್ಮೆಂಟ್ಸ್‌ನಲ್ಲಿ ಎರಡನೇ ಶಿಫ್ಟು ಮಾಡ್ತಿದ್ದಳು. ರಾತ್ರಿ ಹತ್ತರ ಮೇಲೆ ಕಂಪನಿ ವ್ಯಾನು ಅವಳೊಬ್ಬಳನ್ನ ಕೈಲಾಂಚ ಊರು ದಾಟಿ ರೋಡಲ್ಲಿ ಇಳಿಸಿ ಹೋಗ್ತಿತ್ತು. ಅಲ್ಲಿಂದ ಗಂಡನ ಮನೆಗೆ ಹಿಪ್ಪುನೇರಳೆ ತೋಟದ ನಡುವೆ ಕಾಲುದಾರಿ. ಅರ್ಧ ದಾರೀಲಿ ಒಂದು ಆಲದ ಮರ. ಮರದ ಎಡಕ್ಕೆ ಹಳೇ ಬಾವಿ... ಕಟ್ಟೆ ಕುಸಿದು ನೆಲಕ್ಕೆ ಸಮ ಆಗಿತ್ತು.

ಗಂಡ ಮಹೇಂದ್ರ ಎಲೆಕ್ಟ್ರಿಕ್ ಕೆಲಸದವನು. ಆಗಿನ್ನೂ ನಮ್ಮ ಕಡೆ ಎಲ್ಇಡಿ ಅಂದ್ರೆ ಟಾರ್ಚಲ್ಲಿ ಮಾತ್ರ. ಅವನು ಬೆಂಗಳೂರಿಂದ ಸಣ್ಣ ಸಣ್ಣ ಎಲ್ಇಡಿ ತಂದು, ಒಂದು ಡಬ್ಬಿಗೆ ಜೋಡಿಸಿ, ಹಳೇ ಬೈಕ್ ಬ್ಯಾಟರಿಗೆ ಕೊಟ್ಟು, ಮನೆ ಮೂಲೆಗೆ ಕಟ್ಟಿದ್ದ. ಕರೆಂಟ್ ಹೋದ್ರೂ ಆರದ ದೀಪ. ಸುತ್ತ ಎಲ್ಲರ ಮನೇಲೂ ಹಳದಿ ಬಲ್ಬು, ಇದೊಂದೇ ಬೆಳ್ಳಗೆ, ಬಟ್ಟೆಗೆ ನೀಲಿ ಹಾಕಿದ ಹಾಗೆ.

"ಅದನ್ನೇ ನೋಡ್ಕೊಂಡು ನೆಟ್ಟಗೆ ಬಾ. ಆ ಕಡೆ ಈ ಕಡೆ ನೋಡ್ಬೇಡ" ಅಂದಿದ್ದ.

ಸುಚಿತ್ರಾಗೆ ಅದು ದೊಡ್ಡ ಧೈರ್ಯ. ಅವನಿಗಿದು ಎರಡನೇ ಮದುವೆ. ಮೊದಲನೆಯವಳು ಜಯಶೀಲಾ, ಕಾಮಾಲೆಯಾಗಿ ಬೆಂಗಳೂರಿನ ಆಸ್ಪತ್ರೇಲಿ ತೀರಿಹೋದಳು ಅಂತ ಹೇಳಿ ನಮ್ಮವರ ಹತ್ರ ಹೆಣ್ಣು ಕೇಳಿದ್ದರು. ತನಗೋಸ್ಕರ ದೀಪ ಕಟ್ಟೋ ಗಂಡ ಸಿಕ್ಕಿದನಲ್ಲ ಅಂತ ಇವಳು ಹಿಗ್ಗಿದ್ದಳು.

ಅವತ್ತು ವ್ಯಾನಿಂದ ಇಳಿದಾಗ ಎಲ್ಲೂ ಕರೆಂಟಿಲ್ಲ. ಆದರೂ ದೂರದಲ್ಲಿ ಬಿಳೀ ದೀಪ ಉರೀತಿತ್ತು. ಅದನ್ನೇ ನೋಡ್ಕೊಂಡು ಹೊರಟಳು.

ಕಪ್ಪೆ ಕೂಗ್ತಿದ್ದವು. ಆಲದ ಮರ ಹತ್ರ ಬಂತು... ಕಪ್ಪೆ ನಿಂತವು. ಒಂದೇ ಸಲಕ್ಕೆ.

ಕಾಲಡಿ ಹುಲ್ಲು ಸಿಕ್ತು. ದಿನಾ ನಡೆಯೋ ದಾರೀಲಿ ಹುಲ್ಲೆಲ್ಲಿ? ತಲೆ ಎತ್ತಿದಳು. ದೀಪ ನೇರ ಎದುರಿಗೇ ಇತ್ತು. ಇವತ್ತು ಮನೆ ಬೇಗ ಬಂತು ಅಂದುಕೊಂಡಳು. ಮುಂದೆ ಎಲ್ಲೋ ಒದ್ದೆ ಬಟ್ಟೆಯಿಂದ ನೀರು ಬೀಳ್ತಿತ್ತು. ತೊಟ್... ತೊಟ್...

"ಬಂದ್ಯಾ?"

ಪಿಸುದನಿ. ಗಂಡೋ ಹೆಣ್ಣೋ ತಿಳಿಯಲಿಲ್ಲ. ಗಂಡನೇ ಅಂದುಕೊಂಡಳು.

"ಹೂಂ... ಯಾಕ್ರೀ ಹೊರಗೆ ನಿಂತಿದೀರ?"

"ಬಾ... ಇನ್ನೊಂದು ಹೆಜ್ಜೆ."

ಎಡಗಾಲಿಗೆ ಕಲ್ಲು ತಗುಲಿತು. ಮುಗ್ಗರಿಸಿದಳು. ಕೈಲಿದ್ದ ಊಟದ ಡಬ್ಬಿ ಜಾರಿತು. ನೆಲಕ್ಕೆ ಬಿದ್ದ ಸದ್ದು ಬರಲಿಲ್ಲ... ಎಷ್ಟೋ ಹೊತ್ತಾದ ಮೇಲೆ, ಆಳದಲ್ಲಿ, ಬುಳಕ್ ಅಂತು.

ಆಗ ನೋಡಿದಳು. ದೀಪ ಎದುರಿಗಿರಲಿಲ್ಲ. ಕೆಳಗಿತ್ತು.

ಹೆಂಗೆ ಹಿಂದಕ್ಕೆ ಬಂದಳೋ ಅವಳಿಗೇ ಗೊತ್ತಿಲ್ಲ. ಹಿಪ್ಪುನೇರಳೆ ಸೊಪ್ಪಿನ ಸಾಲು ಕೈಯಲ್ಲಿ ಮುಟ್ಕೊಂಡು ಮುಟ್ಕೊಂಡು ಮನೆ ಸೇರಿದಳು. ಮನೆ ಕತ್ತಲು. ಮೂಲೇಲಿ ದೀಪ ಇಲ್ಲ, ಬರೀ ಕೊಕ್ಕೆ. ಒಳಗೆ ಮಹೇಂದ್ರ ಸೀಮೆಎಣ್ಣೆ ಬುಡ್ಡಿ ಮುಂದೆ ಕೂತಿದ್ದ.

"ದೀಪ ಎಲ್ಲಿ?"

"ಅಣ್ಣನ ರೇಷ್ಮೆ ಹುಳದ ಮನೇಲಿ. ಹುಳ ಗೂಡು ಕಟ್ತಾ ಅವೆ, ಕರೆಂಟಿಲ್ಲ ಅಂತ ಸಾಯಂಕಾಲ ಬಂದು ಇಸ್ಕೊಂಡು ಹೋದ."

"ಮತ್ತೆ ನಾನು ನೋಡ್ಕೊಂಡು ಬಂದಿದ್ದು?"

ಯಾವ ದೀಪ ಅಂತ ಅವನು ಕೇಳಬೇಕಿತ್ತು ಅಲ್ವಾ? ಕೇಳಲಿಲ್ಲ. ಅವಳ ಕಾಲು ನೋಡಿದ. ಕಾಲಿಗೆ ಹುಲ್ಲು ಅಂಟಿತ್ತು.

"ಎಷ್ಟು ಹತ್ರ ಹೋಗಿದ್ದೆ?" ಅಂದ.

ಸುಚಿತ್ರಾ ಬಾಗಿಲ ಕಡೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಒಳಗೆ ಮಲಗಿದ್ದ ಅತ್ತೆ ಮುನಿಯಮ್ಮ ಎದ್ದು ಕೂತಳು. "ಮದುವೆಗೆ ಮುಂಚೇನೇ ಹೇಳ್ಬುಡು ಅಂದಿದ್ನಲ್ಲಾ ಮಗ" ಅಂದಳು.

ಆಮೇಲೆ ಮಾತು ಒಂದೊಂದೇ ಈಚೆ ಬಂತು. ಕಾಮಾಲೆ ಇಲ್ಲ, ಆಸ್ಪತ್ರೆ ಇಲ್ಲ. ಒಂದು ರಾತ್ರಿ ಗಂಡ ಹೆಂಡ್ತಿ ಜಗಳ ಆಡಿದ್ದರು. ಅವನು ಹೆಂಡ್ತೀನ ಆಚೆ ನೂಕಿ ಅಗುಳಿ ಹಾಕಿದ್ದ. ಬೆಳಗ್ಗೆ ಜಯಶೀಲಾ ಆ ಬಾವೀಲಿದ್ದಳು. ಬಿದ್ದಳೋ, ತಾನೇ ಹಾರಿದಳೋ, ಕಂಡವರಿಲ್ಲ.

"ಈ ದೀಪ ಕಟ್ಟಿದ ಮೇಲೆ ನಂಗೂ ಎರಡು ಸಲ ಬಾವೀಲಿ ಬೆಳಕು ಕಂಡಿತ್ತು" ಅಂದ ಮಹೇಂದ್ರ. "ಬ್ಯಾಟರಿ ಮುಗಿದು ಇಲ್ಲಿ ಆರಿದಾಗ ಅಲ್ಲಿ ಹತ್ತುತ್ತೆ."

"ಗೊತ್ತಿದ್ದೂ ಬಿಚ್ಚಿ ಕೊಟ್ರಾ?"

"ಬತ್ತಿ ಬುಡ್ಡಿ ಸಾಲಲ್ಲ ಅಂದ ಅಣ್ಣ. ನೀನು ಬರೋ ಹೊತ್ಗೆ ತಂದು ಕಟ್ಟಣ ಅಂತಿದ್ದೆ..."

"ರೋಡಿಗಾದ್ರೂ ಬರಬೋದಿತ್ತು."

ಅವನು ಬುಡ್ಡಿ ಬತ್ತಿ ಏರಿಸಿದ. ಆಮೇಲೆ ಅಂದ, "ಭಯ ಆಯ್ತು."

ಅವಳು ಬಾಗಿಲಿಗೆ ಒರಗಿ ಬೆಳಗಿನವರೆಗೂ ಕೂತಿದ್ದಳು. "ಬಾವಿಯವಳ ಮೇಲೆ ನಂಗೆ ಸಿಟ್ಟಿಲ್ಲ ಕಣೆ, ಅವಳು ಯಾರೋ ನಾನ್ಯಾರೋ... ಇವನು ನನ್ನ ಜೊತೆ ಉಂಡವನು" ಅಂತ ಆಮೇಲೆ ನಂಗೆ ಹೇಳಿದಳು.

ಬೆಳಕು ಹರೀತಿದ್ದ ಹಾಗೆ ನಮ್ಮನೆಗೆ ಫೋನು ಮಾಡಿಸಿದಳು. ನಮ್ಮಣ್ಣ ದೇವರಾಜು ಹೋಗಿ ಕರ್ಕೊಂಡು ಬಂದ. ಅವಳು ತಿರುಗಿ ಆ ಮನೆ ಮೆಟ್ಟಲಿಲ್ಲ. ಈಗ ರಾಮನಗರದಲ್ಲಿ ರೂಮು ಮಾಡ್ಕೊಂಡು ಟೈಲರಿಂಗ್ ಮಾಡ್ತಾಳೆ. ಎಲ್ಲರ ಮನೇಲೂ ಎಲ್ಇಡಿ ಬಂತು, ಅವಳ ಮನೇಲಿ ಮಾತ್ರ ಇವತ್ತಿಗೂ ಹಳದಿ ಬಲ್ಬೇ. ಎಲ್ಲಿಂದ ಹುಡುಕಿ ತರ್ತಾಳೋ.

ಕರ್ಕೊಂಡು ಬರೋವಾಗ ನಮ್ಮಣ್ಣ ಬಾವಿ ಹತ್ರ ಬೈಕು ನಿಲ್ಲಿಸಿದ್ದನಂತೆ. ಅಲ್ಲಿ ಕಂಬ ಇಲ್ಲ, ವೈರಿಲ್ಲ. ಆದರೆ ಬಾವಿ ಬಾಯಿ ಸುತ್ತ ಮಳೆಹುಳದ ರೆಕ್ಕೆ ರಾಶಿ ಬಿದ್ದಿತ್ತು, ಬೀದಿ ದೀಪದ ಕೆಳಗೆ ಬೆಳಗ್ಗೆ ಬಿದ್ದಿರುತ್ತಲ್ಲ, ಹಾಗೆ. ಹೊಸ ರೆಕ್ಕೆ, ಇನ್ನೂ ಒದ್ದೆ. ಅಣ್ಣನ ಚಪ್ಪಲಿಗೆ ಅಂಟ್ಕೊಂಡು ಬಂದಿದ್ದವು. ನಮ್ಮ ಹೊಸಲಲ್ಲಿ ಅದನ್ನ ಗುಡಿಸಿ ಹಾಕಿದವಳು ನಾನೇ.