ಸೆರಫಿನಳ ಪಾಳಿ

ಚಂಡಮಾರುತದ ಮೂರನೇ ಎಚ್ಚರಿಕೆ ಹೊರಟಾಗ ಮಧ್ಯಾಹ್ನ ಎರಡಾಗಿತ್ತು. ಮಾರಿಷಸ್ಸಿನ ರಾಜಧಾನಿ ಪೋರ್ಟ್ ಲೂಯಿಯ ಕಡಲಂಚಿನ ನಮ್ಮ ಕೇರಿಯ ತಗಡಿನ ಮನೆಯವರೆಲ್ಲ ಚಾಪೆ, ಪಾತ್ರೆ, ಕೋಳಿಗಳ ಸಮೇತ ಸಮುದಾಯ ಭವನಕ್ಕೆ ಬಂದು ಸೇರಿದ್ದರು. ಭವನದ ಬೀಗದ ಕೈ ಇರುವುದು ನನ್ನ ಹತ್ತಿರ. ಕಿಟಕಿಗಳಿಗೆ ಹಲಗೆ ಬಡಿದು ಬಾಗಿಲಿಗೆ ಅಡ್ಡಪಟ್ಟಿ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಅಡ್ಡಡ್ಡ ಬಂದು ಗೋಡೆಗೆ ಬಡಿಯುತ್ತಿತ್ತು. ಹಗಲೇ ಕತ್ತಲಾದ ಆ ಕೋಣೆಯಲ್ಲಿ ಒಂದು ಲಾಟೀನು, ಒಂದು ಬ್ಯಾಟರಿ ರೇಡಿಯೋ, ನಲವತ್ತು ಜನ.

ರೇಡಿಯೋದಲ್ಲಿ ಗಾಳಿಯ ವೇಗ ಹೇಳಿದ ಮೇಲೆ ಆ ಸುದ್ದಿಯೂ ಬಂತು. ನಮ್ಮ ಹಿರಿಯರ ಊರಾದ ಚಾಗೋಸ್ ದ್ವೀಪಗಳನ್ನು ಇಂಗ್ಲೆಂಡು ಮಾರಿಷಸ್ಸಿಗೆ ಒಪ್ಪಿಸುವ ಮಾತುಕತೆ ಮತ್ತೆ ಮುಂದಕ್ಕೆ ಹೋಗಿದೆ ಎಂದು. ಅಷ್ಟೇ ಸಾಕಾಯಿತು.

"ಇನ್ನೊಂದು ಸಹಿ ಬಿದ್ರೆ ದ್ವೀಪ ನಮ್ದು. ಬಿಡಲ್ಲ ನಾವು," ಎಂದ ಟ್ಯಾಕ್ಸಿ ಓಡಿಸುವ ಡಾರಿಯೋ.

"ನಮ್ದು ಅಂದ್ರೆ ಯಾರ್ದು?" ಅವನ ಚಿಕ್ಕಪ್ಪನ ಮಗಳು ಮೆಲಾನಿ ಎದ್ದು ಕೂತಳು. ಮುಂದಿನ ತಿಂಗಳು ಅವಳು ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಂಗ್ಲೆಂಡಿಗೆ ಹೊರಡುವವಳಿದ್ದಳು. "ನಿನ್ನ ಟ್ಯಾಕ್ಸಿ ಸ್ಟ್ಯಾಂಡಿನೋರು ನಮ್ಮನ್ನ ಏನಂತ ಕರೀತಾರೆ ಹೇಳು. ದ್ವೀಪದ ಕಾಡುಜನ ಅಂತ ತಾನೆ?"

"ಆಯ್ತಮ್ಮ, ನೀನು ರಾಣಿಯ ಮೊಮ್ಮಗಳು! ಹೋಗು, ಅಲ್ಲಿ ಬಿಳೀ ಮುದುಕರ ಕಾಲು ತೊಳಿ."

ಮಾತು ಕೈಗೆ ಬರುವ ಹೊತ್ತಿಗೆ ಮೂಲೆಯಿಂದ ಸೆಲಿಮೆನ್ ಅಜ್ಜಿ ಕೆಮ್ಮಿದಳು. ಅವಳು ಹುಟ್ಟಿದ್ದು ಆ ದ್ವೀಪಗಳಲ್ಲೊಂದಾದ ಪೆರೋಸ್‌ನಲ್ಲಿ. ಹದಿನೈದು ವರ್ಷದವಳಿದ್ದಾಗ, ಸೇನಾ ನೆಲೆಗೆಂದು ದ್ವೀಪಗಳನ್ನು ಖಾಲಿ ಮಾಡಿಸಿದ ಇಂಗ್ಲೆಂಡಿನವರು ಉಳಿದವರೊಡನೆ ಅವಳನ್ನೂ ಹಡಗಿಗೆ ತುಂಬಿ ಇಲ್ಲಿ ತಂದಿಳಿಸಿದ್ದರು. ಈಗ ಎಪ್ಪತ್ತು ಮುಟ್ಟುತ್ತಿದ್ದಾಳೆ. ಅವಳು ಮಾತಾಡುವುದೇ ಕಡಿಮೆ. ಆದ್ದರಿಂದ ಕೆಮ್ಮಿದರೂ ನಾವು ತಿರುಗಿ ನೋಡುತ್ತೇವೆ.

"ಸಾಕು ಮಾಡ್ರೋ," ಎಂದಳು. "ಇದೇ ಜಗಳ, ಇವೇ ಮಾತು, ಒಂದಕ್ಷರ ಆಚೆ ಈಚೆ ಇಲ್ದಂಗೆ ನಾನು ಪೆರೋಸ್‌ನ ಸ್ಮಶಾನದಲ್ಲಿ ನಿಂತು ಕೇಳಿದೀನಿ. ಆವತ್ತು ಅಲ್ಲಿ ಏನಾಯ್ತು ಅಂತ ನಿಮಗ್ಯಾರಿಗೂ ಹೇಳಿಲ್ಲ. ಹತ್ರ ಬನ್ನಿ... ಈ ಗಾಳಿಲಿ ಗಂಟಲು ಕಿತ್ತು ಕೂಗೋ ಶಕ್ತಿ ನಂಗಿಲ್ಲ."

ನಾವು ಚಾಪೆಗಳನ್ನು ಎಳೆದುಕೊಂಡು ಅವಳ ಸುತ್ತ ಕೂತೆವು.

"ನಮ್ಮ ದ್ವೀಪದಲ್ಲಿ ಒಂದು ನಂಬಿಕೆ ಇತ್ತು. ಕಡೇದಾಗಿ ಯಾರನ್ನ ಹೂಳ್ತಾರೋ ಅವರು ಸ್ಮಶಾನದ ಬಾಗಿಲು ಕಾಯ್ಬೇಕು. ಇನ್ನೊಬ್ರು ಬರೋ ತನಕ ಅವರ ಪಾಳಿ. ಹೊಸಬರು ಬಂದ್ರು ಅಂದ್ರೆ ಬಾಗಿಲು ಗುಡಿಸೋ ಪೊರಕೆ ಅವರಿಗೆ ಕೊಟ್ಟು ಒಳಗೆ ಹೋಗಿ ಮಲಗೋದು. ಅದಕ್ಕೆ ಹೆದರ್ತಿರಲಿಲ್ಲ ಯಾರೂ. ಒಬ್ಬ ಮುದುಕ ಹಾಸಿಗೆ ಹಿಡಿದಿದ್ದಾಗ ಹೇಳ್ತಿದ್ದ, 'ಈಗ ಬಾಗಿಲಲ್ಲಿರೋನು ನನ್ನ ದೋಣಿ ಕದ್ದೋನು, ಇನ್ನೊಂದು ತಿಂಗಳು ನಿಂತು ಸಾಯ್ಲಿ, ಆಮೇಲೆ ನಾನು ಹೋಗ್ತೀನಿ' ಅಂತ. ನಗ್ತಿದ್ವಿ ನಾವು. ಮೂರು ತಿಂಗಳು, ನಾಲ್ಕು ತಿಂಗಳು... ಅದಕ್ಕಿಂತ ಹೆಚ್ಚು ಯಾರ ಪಾಳಿನೂ ಇರ್ತಿರಲಿಲ್ಲ.

"ಆಮೇಲೆ ಹಡಗುಗಳು ಬರೋದು ಕಮ್ಮಿ ಆಯ್ತು. ಅಕ್ಕಿ ಕಮ್ಮಿ, ಹಿಟ್ಟು ಕಮ್ಮಿ, ಔಷಧಿ ಅಂತೂ ಇಲ್ಲವೇ ಇಲ್ಲ. ನಮ್ಮತ್ತೆ ಸೆರಫಿನ್... ಆಗಿನ್ನೂ ನಂಗೆ ಅತ್ತೆ ಅಲ್ಲ, ಪಕ್ಕದ ಮನೆಯವಳು... ಅವಳಿಗೆ ಜ್ವರ ಬಂತು. ಒಂಬತ್ತೇ ದಿನ. ಮೂವತ್ತಾರು ವರ್ಷ ಅವಳಿಗೆ. ಇಬ್ಬರು ಗಂಡು ಮಕ್ಕಳು, ಹದಿನೇಳರ ಎವಾರಿಸ್ತ್, ಹನ್ನೊಂದರ ವಿಲ್ಫ್ರಿಡ್. ಅವಳನ್ನ ಹೂಳಿ ಎಂಟನೇ ದಿನಕ್ಕೆ ಕಡೇ ಹಡಗು ಬಂತು. ಎಲ್ರೂ ಹತ್ಬೇಕು, ಒಂದೊಂದು ಪೆಟ್ಟಿಗೆ ಮಾತ್ರ ತಗೋಬೇಕು ಅಂದ್ರು. ಒಣಕೊಬ್ಬರಿ ಮೂಟೆ ಮೇಲೆ ನಮ್ಮನ್ನ ಮಲಗಿಸಿದ್ರು. ಹಡಗು ದೂರ ಸರೀತಿದ್ದಾಗ ನಮ್ಮಜ್ಜಿ ದಡದ ಕಡೆ ನೋಡ್ತಾ ಒಂದೇ ಮಾತು ಹೇಳಿದ್ಲು... 'ಅಯ್ಯೋ, ಸೆರಫಿನ್ ನಿಂತೇ ಇರ್ತಾಳಲ್ಲೇ.'

"ಇಲ್ಲಿಗೆ ಬಂದ್ಮೇಲಿನ ಬದುಕು ನಿಮಗೆ ಗೊತ್ತು. ಎವಾರಿಸ್ತ್ ನನ್ನ ಕೈ ಹಿಡಿದ, ಬಂದರಿನಲ್ಲಿ ಮೂಟೆ ಹೊತ್ತ. ವಿಲ್ಫ್ರಿಡ್ ದೊಡ್ಡೋನಾಗಿ ಇಂಗ್ಲೆಂಡಿಗೆ ಹೋದ, ಕ್ರಾಲಿ ಅನ್ನೋ ಊರಲ್ಲಿ ವಿಮಾನ ಗುಡಿಸೋ ಕೆಲಸ. ದ್ವೀಪ ಯಾರಿಗೆ ಸೇರ್ಬೇಕು ಅನ್ನೋ ಗಲಾಟೆ ಶುರುವಾದ್ಮೇಲೆ ಅಣ್ಣ ಮಾರಿಷಸ್ ಕಡೆ, ತಮ್ಮ ಇಂಗ್ಲೆಂಡ್ ಕಡೆ. ಫೋನಲ್ಲೇ ಬೈದಾಡ್ಕೊಂಡು ಮಾತು ಬಿಟ್ರು. ಆರು ವರ್ಷ ಬಿಟ್ರು! ಒಂದೇ ತಾಯಿ ಹಾಲು ಕುಡಿದೋರು.

"ಹಂಗಿರುವಾಗ, ಊರು ಬಿಟ್ಟು ನಲವತ್ತೈದು ವರ್ಷ ಆದ್ಮೇಲೆ, ಸಮಾಧಿ ನೋಡ್ಕೊಂಡು ಬರೋಕೆ ಹದಿನೈದು ಜನರನ್ನ ಕರ್ಕೊಂಡು ಹೋಗ್ತೀವಿ ಅಂದ್ರು ಇಂಗ್ಲೆಂಡಿನ ಸರ್ಕಾರದೋರು. ಪಟ್ಟಿಲಿ ನನ್ನ ಹೆಸರು, ಎವಾರಿಸ್ತನ ಹೆಸರು, ವಿಲ್ಫ್ರಿಡನ ಹೆಸರು. ಹಡಗಲ್ಲಿ ಅಣ್ಣ ಒಂದು ತುದಿ, ತಮ್ಮ ಇನ್ನೊಂದು ತುದಿ. ನಾನು ತೆಂಗಿನ ಹಾಲಲ್ಲಿ ಬೇಯಿಸಿದ ಮೀನನ್ನ ಎರಡು ತಟ್ಟೆಲಿ ಇಟ್ಕೊಂಡು ಆ ತುದಿಗೂ ಈ ತುದಿಗೂ ಓಡಾಡಿದ್ದೇ ಬಂತು.

"ಬೆಳಗ್ಗೆ ಹತ್ತಕ್ಕೆ ಇಳಿಸಿದ್ರು. ಮೂರು ಗಂಟೆಗೆ ಸೀಟಿ ಹೊಡೀತೀವಿ, ಎಲ್ರೂ ದೋಣಿ ಹತ್ರ ಇರ್ಬೇಕು ಅಂದ ನಮ್ಮ ಮೇಲ್ವಿಚಾರಣೆಯ ಅಧಿಕಾರಿ. ಬಿಸಿಲಿಗೆ ಮೂಗು ಸುಲಿದ ಚಿಕ್ಕ ವಯಸ್ಸಿನವನು, ಯಾವಾಗ್ಲೂ ಕೈಲಿ ಪಟ್ಟಿ. ಪಟ್ಟಿ ಸಾಹೇಬ ಅಂತಲೇ ಕರೀತಿದ್ವಿ. ಚರ್ಚಿಗೆ ಸೂರಿಲ್ಲ. ನಮ್ಮನೆ ಇದ್ದ ಕಡೆ ತೆಂಗಿನ ಸಸಿಗಳು ಒಂದರ ಮೇಲೊಂದು ನುಗ್ಗಿ ಬೆಳೆದು ಕಾಲಿಡೋಕೆ ಜಾಗ ಇಲ್ಲ. ಕತ್ತಿ ಹಿಡ್ಕೊಂಡು ದಾರಿ ಮಾಡ್ಕೊಂಡು ಸ್ಮಶಾನಕ್ಕೆ ಹೋದ್ವಿ. ಸೆರಫಿನಳ ಸಮಾಧಿ ಸಿಕ್ತು. ಅಣ್ಣ ತಮ್ಮ ಇಬ್ರೂ ಮಂಡಿಯೂರಿ ಪಾಚಿ ಕೆರೆದ್ರು. ಒಂದು ಮಾತಿಲ್ಲ, ಆದ್ರೂ ನಾನು ಅಂದ್ಕೊಂಡೆ, ಇವತ್ತು ಇವರು ಒಂದಾಗ್ತಾರೆ ಅಂತ...

"ಎಲ್ಲಿ? ಕೆಲಸ ಮುಗೀತಿದ್ದಂಗೆ ಎವಾರಿಸ್ತ್ ಚೀಲದಿಂದ ಬಾವುಟ ತೆಗೆದು ಅಮ್ಮನ ತಲೆ ಹತ್ರ ನೆಟ್ಟ. ನಾಲ್ಕು ಬಣ್ಣದ್ದು, ಮಾರಿಷಸ್ಸಿಂದು. ವಿಲ್ಫ್ರಿಡ್ ನೋಡ್ದ, ತನ್ನ ಚೀಲದಿಂದ ಇಂಗ್ಲೆಂಡಿನದನ್ನ ತೆಗೆದು ಕಾಲ ಹತ್ರ ನೆಟ್ಟ.

"'ತೆಗಿಯೋ ಅದನ್ನ,' ಅಂದ ಅಣ್ಣ. ಆರು ವರ್ಷ ಆದ್ಮೇಲೆ ಆಡಿದ ಮೊದಲನೇ ಮಾತು! 'ನಮ್ಮನ್ನ ದನ ತುಂಬಿದಂಗೆ ಹಡಗಿಗೆ ತುಂಬಿದ್ದು ಯಾರು? ನಮ್ಮ ನಾಯಿಗಳನ್ನ ಹೊಗೆ ಹಾಕಿ ಕೊಂದಿದ್ದು ಯಾರು?'

"'ನಿನ್ನೋರು ಭಾರೀ ಒಳ್ಳೇವ್ರು ಬಿಡಪ್ಪ! ತಮ್ಗೆ ಸ್ವಾತಂತ್ರ್ಯ ಸಿಗ್ಲಿ ಅಂತ ನಮ್ಮನ್ನ ಬಿಟ್ಕೊಟ್ಟೋರು ಯಾರು? ಬಂದರಲ್ಲಿ ಇಳಿದಾಗ ಒಂದು ಲೋಟ ನೀರು ಕೊಟ್ರೇನು?'

"'ಅಮ್ಮನ ಕಾಲ ಹತ್ರ ಅದನ್ನ ಇಡ್ತೀಯಲ್ಲೋ, ನಾಚಿಕೆ ಆಗಲ್ವಾ?'

"'ನಿಂಗೊಬ್ಬನಿಗೇನಾ ಅಮ್ಮ?'

"ನಂಗೆ ಕೇಳೋಕಾಗ್ಲಿಲ್ಲ. ನೀರಿನ ಬಾಟಲಿ ತಗೊಂಡು ಬಾಗಿಲ ಕಡೆ ಬಂದೆ. ಸುಡುಸುಡು ಮಧ್ಯಾಹ್ನ, ನೆರಳು ಕಾಲ ಕೆಳಗೇ ಇತ್ತು. ಬಾಗಿಲ ಕಂಬದ ಪಕ್ಕ ಒಬ್ಬಳು ನಿಂತಿದ್ಲು, ಬೆನ್ನು ನಮ್ಮ ಕಡೆ. ತೆಂಗಿನ ಗರಿಯ ಟೋಪಿ, ಕೈಲಿ ಕಡ್ಡಿ ಪೊರಕೆ, ಬರಿಗಾಲು. ನಮ್ಮ ಹದಿನೈದು ಜನದಲ್ಲೇ ಯಾರೋ ಇರ್ಬೇಕು ಅಂದ್ಕೊಂಡೆ. 'ನೀರು ಬೇಕೇನೇ?' ಅಂತ ಹತ್ರ ಹೋಗಿ ಕಾಲು ನೋಡ್ದೆ... ಅವಳು ನಿಂತಿದ್ದ ಕಡೆ ಹವಳದ ಕಲ್ಲು ಸವೆದು ಎರಡು ಗುಂಡಿ ಆಗಿತ್ತು. ಹಿಮ್ಮಡಿ ಮುಳುಗೋವಷ್ಟು ಆಳ. ಕಲ್ಲು ಕಣ್ರೋ ಅದು, ಮಣ್ಣಲ್ಲ!

"ಅವಳು ತಿರುಗಿದ್ಲು. ನಂಗಿಂತ ಎಷ್ಟು ಚಿಕ್ಕವಳು... ಮುಖದಲ್ಲಿ ಒಂದು ಗೆರೆ ಇಲ್ಲ. ಸೆರಫಿನ್.

"'ಯಾರನ್ನ ತಂದಿದೀರಿ?' ಅಂದ್ಲು.

"'ನಾವೇ... ನಾವೇ ಬಂದಿದೀವಿ' ಅಂದೆ.

"'ನೀವು ಬಂದಿದ್ದು ಕಂಡೆ. ಒಳಗೆ ಮಲಗೋಕೆ ಯಾರನ್ನ ತಂದಿದೀರಿ ಅಂದೆ. ನನ್ನ ಪಾಳಿ ಮುಗೀಲಿಲ್ವೇ... ಕಾಲು ನೋಯ್ತವೆ.' ಆಮೇಲೆ ನನ್ನ ಭುಜದ ಮೇಲಿಂದ ಆಚೆ ನೋಡಿ ಹುಬ್ಬು ಗಂಟು ಹಾಕಿದ್ಲು. 'ಅದ್ಯಾರೇ ಆ ಇಬ್ಬರು ಮುದುಕರು? ನನ್ನ ತಲೆ ಮೇಲೆ ನಿಂತು ಯಾಕೆ ಬಡಿದಾಡ್ತಿದಾರೆ? ಆಚೆಗೆ ಹೋಗೋಕೆ ಹೇಳು. ನನ್ನ ಮಕ್ಕಳು ಬಂದ್ರೆ ಹೆದರ್ಕೋತಾರೆ.'

"ಏನಂತ ಹೇಳ್ಲಿ ನಾನು? ನೀವಾಗಿದ್ರೆ ಏನಂತ ಹೇಳ್ತಿದ್ರಿ?

"ಅಷ್ಟರಲ್ಲಿ ಎವಾರಿಸ್ತ್ ಬಂದ. ಅವನಿಗೂ ಕಂಡ್ಲು. ಬಾಯಲ್ಲಿದ್ದ ಬೈಗುಳ ಅಲ್ಲೇ ನಿಂತೋಯ್ತು. 'ಅಮ್ಮಾ' ಅಂದ. ಅರವತ್ತೆರಡು ವರ್ಷದ ಗಂಡಸು, ನಲವತ್ತೈದು ವರ್ಷದಲ್ಲಿ ಒಂದ್ಸಲನೂ ಅತ್ತಿದ್ದನ್ನ ನಾನು ನೋಡಿರ್ಲಿಲ್ಲ. 'ಅಮ್ಮಾ, ನಾನು ಎವಾರಿಸ್ತ್.'

"ಅವಳು ನಕ್ಕುಬಿಟ್ಲು. 'ಹೋಗಯ್ಯ, ನಿಂದೊಂದು ತಮಾಷೆ. ನನ್ನ ಎವಾರಿಸ್ತ್‌ಗೆ ಹದಿನೇಳು. ಮೀನಿಗೆ ಹೋಗಿದಾನೆ, ಬರ್ತಾನೆ.'

"ದೂರದಿಂದ ವಿಲ್ಫ್ರಿಡ್ ಕೂಗ್ದ, 'ನೋಡಿ ಅತ್ತಿಗೆ, ಮನುಷ್ಯರು ಕೇಳಲ್ಲ ಅಂತ ನಮ್ಮಣ್ಣ ಗಾಳಿಗೆ ಭಾಷಣ ಮಾಡ್ತಿದಾನೆ!' ಅವನಿಗೆ ಏನೂ ಕಂಡಿರ್ಲಿಲ್ಲ. ಅಣ್ಣನ ಕಿವಿಗೆ ಬಿದ್ದ ಅವನ ಕಡೇ ಮಾತು ಅದು.

"ಎವಾರಿಸ್ತ್ ತಿರುಗಿ ನೋಡ್ಲಿಲ್ಲ. ಕಣ್ಣೊರೆಸ್ಕೊಂಡ. ತುಂಬ ಮೆತ್ತಗೆ, ಮಗೂಗೆ ಹೇಳೋ ಹಂಗೆ ಹೇಳ್ದ, 'ಆಯ್ತಮ್ಮ, ಮಗ ಬರ್ತಾನೆ. ನೀನು ಸುಸ್ತಾಗಿದೀಯ, ಹೋಗಿ ಮಲಕ್ಕೋ. ನಾನು ನಿಲ್ತೀನಿ.'

"'ಬಾಯಿ ಮಾತಿಗೆ ಹೇಳ್ಬೇಡ,' ಅಂದ್ಲು ಅವಳು. ಆಗ ನಗು ಇರ್ಲಿಲ್ಲ ಮುಖದಲ್ಲಿ.

"'ಬಾಯಿ ಮಾತಿಗಲ್ಲ.'

"ನಾನು ಅವನ ತೋಳು ಹಿಡ್ಕೊಂಡೆ. ಬೇಡ ಅಂದೆ. ಆಣೆ ಹಾಕ್ದೆ. ಅವನು ಕೈ ಚಾಚಿಬಿಟ್ಟಿದ್ದ. ಪೊರಕೆ ಅವನ ಕೈಗೆ ಬಂತು. ಸೆರಫಿನ್ ಒಂದೊಂದೇ ಕಾಲು ಕಿತ್ತುಕೊಂಡು ಗುಂಡಿಯಿಂದ ಆಚೆ ಬಂದ್ಲು, ಕುಂಟ್ತಾ ಕುಂಟ್ತಾ ಒಳಗೆ ಹೋದ್ಲು. ಒಂದ್ಸಲನೂ ತಿರುಗಿ ನೋಡ್ಲಿಲ್ಲ. ಎವಾರಿಸ್ತ್ ಮುಖದಲ್ಲಿ ಎಂಥಾ ಸಮಾಧಾನ... 'ನೀನು ದೋಣಿ ಹತ್ರ ನಡಿ ಸೆಲಿಮೆನ್, ನಾನು ಬಂದೆ,' ಅಂದ.

"ನಾನು ಹೋಗ್ಲಿಲ್ಲ, ವಿಲ್ಫ್ರಿಡನ್ನ ಕರೆಯೋಕೆ ಓಡ್ದೆ. ಇಬ್ರೂ ಬರೋ ಹೊತ್ತಿಗೆ ಅವನು ಕಂಬಕ್ಕೆ ಒರಗಿ ಕೂತಿದ್ದ, ಕಾಲು ಎರಡೂ ಆ ಗುಂಡಿಗಳಲ್ಲಿ. ಉಸಿರಿರ್ಲಿಲ್ಲ.

"ಬಿಸಿಲಿನ ಹೊಡೆತ ಅಂತ ಬರ್ಕೊಂಡ್ರು. ವಿಲ್ಫ್ರಿಡ್ ತನ್ನ ಅಂಗಿ ಬಿಚ್ಚಿ ಅಣ್ಣನ ಮುಖ ಮುಚ್ಚಿ, ಪಟ್ಟಿ ಸಾಹೇಬನ ಕಾಲಿಗೆ ಬಿದ್ದ. 'ಇಲ್ಲೇ ಹೂಳೋಕೆ ಬಿಡಿ ಸ್ವಾಮಿ. ಅಮ್ಮನ ಪಕ್ಕ. ನಾನೇ ಗುಂಡಿ ತೆಗೀತೀನಿ.' ಆ ಹುಡುಗ ಕೆಟ್ಟವನಲ್ಲ. ಹಡಗಿನ ಫೋನಿಂದ ಎಲ್ಲೆಲ್ಲಿಗೋ ಮಾತಾಡ್ದ. ಒಂದು ಕಡೆಯ ದೊಡ್ಡೋರು ಹೇಳಿದ್ರಂತೆ, ಈಗ ಹೆಣ ಹೂಳಿದ್ರೆ ನಾಳೆ ಹಕ್ಕು ಹುಟ್ಟುತ್ತೆ, ಬೇಡ ಅಂತ. ಇನ್ನೊಂದು ಕಡೆಯ ದೊಡ್ಡೋರು ಹೇಳಿದ್ರಂತೆ, ಹೂಳೋಕೆ ಇಂಗ್ಲೆಂಡಿನೋರ ಅಪ್ಪಣೆ ಕೇಳಿದ್ರೆ ಅದು ಅವರ ನೆಲ ಅಂತ ನಾವೇ ಒಪ್ಪಿದಂಗಾಗುತ್ತೆ, ಬೇಡ ಅಂತ. ಇಡೀ ದ್ವೀಪಕ್ಕಾಗಿ ಕಿತ್ತಾಡೋರು ಆರಡಿ ಜಾಗ ಬೇಡ ಅನ್ನೋದ್ರಲ್ಲಿ ಮಾತ್ರ ಒಂದಾದ್ರು ನೋಡಿ! 'ಕ್ಷಮಿಸಮ್ಮ, ಇದು ಯಾರ ನೆಲ ಅಂತಲೇ ತೀರ್ಮಾನ ಆಗಿಲ್ಲ' ಅಂದ ಪಟ್ಟಿ ಸಾಹೇಬ. ಹೊರಡೋ ಮುಂಚೆ ಸಮಾಧಿ ಮೇಲಿನ ಎರಡೂ ಬಾವುಟ ಕಿತ್ತು ಮಡಚಿ ಜೇಬಲ್ಲಿಟ್ಕೊಂಡ.

"ನನ್ನ ಗಂಡನ್ನ ಹಡಗಲ್ಲಿ ಮೀನಿಡೋ ಮಂಜುಗಡ್ಡೆ ಕೋಣೆಲಿ ಮಲಗಿಸ್ಕೊಂಡು ಬಂದ್ವಿ. ನೀವೆಲ್ಲ ಬಂದು ಮಣ್ಣು ಹಾಕಿದ್ರಲ್ಲ... ಆದ್ರೆ ಹಡಗು ದಡ ಬಿಟ್ಟಾಗ ನಾನು ಕಟಕಟೆ ಹಿಡ್ಕೊಂಡು ನೋಡಿದೀನಿ. ಬಾಗಿಲಲ್ಲಿ ಎವಾರಿಸ್ತ್ ನಿಂತಿದ್ದ, ಪೊರಕೆ ಹಿಡ್ಕೊಂಡು. ಅವನು ಬಂದಿಲ್ಲ ಕಣ್ರೋ. ಇಲ್ಲಿ ಹೂತಿರೋದು ಬರೀ ಮೈ."

ಹೊರಗೆ ಯಾರದೋ ಮನೆಯ ತಗಡು ಕಿತ್ತು ರಸ್ತೆಯುದ್ದಕ್ಕೂ ಉರುಳಿಕೊಂಡು ಹೋದ ಸದ್ದಾಯಿತು. ಅದು ಯಾರದೆಂದು ಯಾರೂ ಕೇಳಲಿಲ್ಲ.

"ಮೊನ್ನೆ ಮೊನ್ನೆ ಹೋಗಿ ಬಂದೋರ ಹತ್ರ ಕೇಳಿದೀನಿ," ಎಂದಳು ಮತ್ತೆ. "ಎಲ್ಲಾ ಕಡೆ ಕಾಡು, ಸ್ಮಶಾನದ ಬಾಗಿಲ ಮುಂದೆ ಮಾತ್ರ ಈಗ ತಾನೆ ಗುಡಿಸಿಟ್ಟಂಗಿತ್ತಂತೆ. ಹಡಗಿನ ಅಡುಗೆಯವನಿಗೆ ಒಬ್ಬ ಮುದುಕ ಸಿಕ್ಕಿ, ಯಾರನ್ನ ತಂದಿದೀರಿ ಅಂತ ಕೇಳಿದ್ನಂತೆ. ನಿಮ್ಮ ಗುಂಪಿನೋನೇ ಅಂದ್ಕೊಂಡೆ ಅಂದ್ನಂತೆ ಅಡುಗೆಯವನು.

"ವಿಲ್ಫ್ರಿಡ್ ವಾರಕ್ಕೊಂದ್ಸಲ ಫೋನ್ ಮಾಡ್ತಾನೆ. ಅವನೊಬ್ಬನಿಗೆ ಎಲ್ಲಾ ಹೇಳಿದೀನಿ. ಬಾವುಟದ ಮಾತೇ ಎತ್ತಲ್ಲ. ಅತ್ತಿಗೆ, ಅಣ್ಣನ ಪಾಳಿ ಬಿಡಿಸೋಕೆ ನಾನು ಹೋಗ್ತೀನಿ, ನೀವು ಹೋಗ್ಬೇಡಿ ಅಂತಾನೆ. ನಂಗೂ ಅವನಿಗೂ ಈಗ ಅದೇ ಜಗಳ. ಮುಂದಿನ ಸಲದ ಪಟ್ಟಿಲಿ ನನ್ನ ಹೆಸರು ಬಂದಿದೆ. ಎದೆ ಗಟ್ಟಿ ಇದೆ ಅಂತ ಡಾಕ್ಟರ ಚೀಟಿನೂ ಸಿಕ್ಕಿದೆ. ಹದಿನೈದು ಜನ ಹೋಗ್ತೀವಿ... ಹದಿನಾಲ್ಕು ಜನ ಬರ್ತಾರೆ. ಈ ಸಲ ಯಾರ ಅಪ್ಪಣೆನೂ ಕೇಳಲ್ಲ ನಾನು, ಪೊದೆ ಒಳಗೆ ಹೋಗಿ ಮಲಕ್ಕೊಂಡ್ರೆ ಪಟ್ಟಿ ಸಾಹೇಬ ಎಲ್ಲಿ ಅಂತ ಹುಡುಕ್ತಾನೆ?"

ಮೆಲಾನಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅಜ್ಜಿ ಲಾಟೀನನ್ನು ಸ್ವಲ್ಪ ಮೇಲೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಡಾರಿಯೋನದು, ಮೆಲಾನಿಯದು, ನನ್ನದು. ಅಂಗಡಿಯಲ್ಲಿ ಮೀನು ಆರಿಸುವವರ ಹಾಗೆ, ನಿಧಾನವಾಗಿ, ಅವಸರವಿಲ್ಲದೆ.

"ದ್ವೀಪ ನಿಮ್ದು ಅಂತ ಎಲ್ರೂ ಕೂಗ್ತೀರಿ, ಒಳ್ಳೇದೇ. ಯಾರದಾದ್ರೂ ಆಗ್ಲಿ, ಯಾವ ಬಾವುಟನಾದ್ರೂ ಏರಿಸಿ. ಆದ್ರೆ ಮರೀಬೇಡಿ... ನಾನು ಮುದುಕಿ, ಮಂಡಿ ನೋವು ಬೇರೆ. ನಲವತ್ತೈದು ವರ್ಷ ನಿಲ್ಲೋಕೆ ನನ್ನ ಕೈಲಾಗಲ್ಲ. ನಿಮ್ಮಲ್ಲಿ ಯಾರಾದ್ರೂ ಸ್ವಲ್ಪ ಬೇಗ ಬನ್ನಿ."